ಬೊಂಬೆಗೆ ಕೊಟ್ಟ ಕೈ

ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಸನ್ನೆಭಾಷೆ ಕಲಿಸುತ್ತಿದ್ದ ಅವರನ್ನು ಓಣಿಯವರೆಲ್ಲ ಕೈಟೀಚರ್ ಎಂದೇ ಕರೆಯುತ್ತಿದ್ದರು. ಆ ಭಾಷೆಯನ್ನು ಅವರು ಕಲಿತದ್ದು ತಂಗಿಗಾಗಿ. ಹುಟ್ಟಿದಾಗಿನಿಂದ ಕಿವಿ ಕೇಳದ ತಂಗಿಯ ಜೊತೆ ಜಗಳವಾಡಬೇಕೆಂದರೂ ಕೈಯೇ ಬೇಕಿತ್ತು. ಅಪ್ಪ ಅಮ್ಮ ಹೋದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಉಳಿದರು. ತಂಗಿ ಟೈಲರ್ ಅಂಗಡಿಯಲ್ಲಿ ಗುಂಡಿ, ಕಾಜ ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಅಕ್ಕ ರಜೆ ಹಾಕಿ ಬೆನ್ನಿಗೆ ಬಂದರೇ ಅವಳ ಕೆಲಸವಾಗುತ್ತಿತ್ತು. ಅವಳ ಮಾತನ್ನು ಅಕ್ಕ ಬಾಯಿಗೆ ತರಬೇಕು, ಎದುರಿನವರ ಮಾತನ್ನು ಕೈಗೆ ತರಬೇಕು.

ಕೈಟೀಚರ್ ಕೈಗೇ ಒಂದು ಊನವಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿದ ಬಲಗೈ ಕಿರುಬೆರಳು ಆಮೇಲೆ ಮಡಚಲೇ ಇಲ್ಲ. ಅವರ ಸನ್ನೆಭಾಷೆಯಲ್ಲಿ ‘ಮುಂದುವರಿಸು’ ಎನ್ನಲು ಕಿರುಬೆರಳು ಚಾಚಿ ಕೈಯನ್ನು ಮುಂದೆ ತಳ್ಳುತ್ತಾರೆ. ‘ನಿಲ್ಲಿಸು’ ಎನ್ನಲು ಅದೇ ಬೆರಳನ್ನು ಮಡಚಿ ತಳ್ಳುತ್ತಾರೆ. ಟೀಚರ್ ಕೈಯಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು. ಅದಕ್ಕೇ ಅವರು ‘ನಿಲ್ಲಿಸು’ ಎನ್ನುವಾಗೆಲ್ಲ ಹುಬ್ಬು ಗಂಟಿಕ್ಕಿ ಜೋರಾಗಿ ಅಡ್ಡಡ್ಡ ತಲೆಯಾಡಿಸುತ್ತಿದ್ದರು. ತಂಗಿಗೂ ಶಾಲೆಯ ಮಕ್ಕಳಿಗೂ ಅವರ ಬೆರಳು ಬಿಟ್ಟು ಮುಖ ನೋಡುವುದು ರೂಢಿಯಾಗಿಹೋಗಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಸಂಘದವರು ಬಂದು, ಸನ್ನೆಗಳ ನಿಘಂಟು ಮಾಡುತ್ತೇವೆಂದು ಅವರನ್ನು ಕ್ಯಾಮೆರಾ ಮುಂದೆ ಕೂರಿಸಿದ್ದರು. ಬೇಸಿಗೆ ರಜೆಯೆಲ್ಲ ಅದರಲ್ಲೇ ಕಳೆಯಿತು. ನೆಟ್ಟಿನಲ್ಲಿ ಪುಕ್ಕಟೆ ಹಾಕುತ್ತೇವೆ, ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಲಿ, ಒಪ್ಪಿಗೆಯೇ ಎಂದು ಕೇಳಿದಾಗ ಟೀಚರ್ ಖುಷಿಯಿಂದಲೇ ಸಹಿ ಹಾಕಿದರು. ದೂರದೂರದ ತಾಯಂದಿರು ಆ ವಿಡಿಯೊ ನೋಡಿ ತಮ್ಮ ಮಕ್ಕಳ ಜೊತೆ ಮೊದಲ ಸಲ ಮಾತಾಡಿದರು. ಅದನ್ನು ನೆನೆದಾಗಲೆಲ್ಲ ಟೀಚರ್ ಮನಸ್ಸು ತುಂಬಿಬರುತ್ತಿತ್ತು.

ಬೊಂಬೆಯನ್ನು ಅವರು ಮೊದಲು ನೋಡಿದ್ದು ದೊಡ್ಡಾಸ್ಪತ್ರೆಯ ಚೀಟಿ ಮಾಡಿಸುವ ಕೌಂಟರಿನಲ್ಲಿ. ಗಾಜಿನ ಪಕ್ಕ ಆಳೆತ್ತರದ ಪರದೆ, ಅದರೊಳಗೆ ಕಂಪ್ಯೂಟರ್ ಬಿಡಿಸಿದ ನಗುಮುಖದ ಹುಡುಗಿ. ಕೌಂಟರಿನವನು ಮೈಕಿನಲ್ಲಿ ಹೇಳಿದ್ದನ್ನು ಅವಳು ಸನ್ನೆ ಮಾಡಿ ತೋರಿಸುತ್ತಿದ್ದಳು. ತಂಗಿ ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳುತ್ತಿದ್ದಳು. ತಂಗಿ ಒಂದು ಗಳಿಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಅಕ್ಕಾ, ನೋಡೇ! ಇವಳು ನೀನೇ! ನಿನ್ನ ಥರಾನೇ ಮೊಣಕೈ ಎತ್ತುತಾಳೆ. ಬೆರಳು ನೋಡು, ಬೆರಳು!”

ಟೀಚರ್ ನೋಡಿದರು. ಸುಂದರವಾದ, ಉಗುರು ತಿದ್ದಿದ ಕೈ. ಅದರ ಕಿರುಬೆರಳು ಮಾತ್ರ ಕಡ್ಡಿಯ ಹಾಗೆ ಸೆಟೆದು ನಿಂತಿತ್ತು. ತಮಗೇ ಗೊತ್ತಿಲ್ಲದೆ ಕೈಯನ್ನು ಸೀರೆಯ ಸೆರಗಿನೊಳಗೆ ಮುಚ್ಚಿಟ್ಟುಕೊಂಡರು.

ಅವತ್ತಿನಿಂದ ತಂಗಿಗೆ ರೆಕ್ಕೆ ಬಂದ ಹಾಗಾಯಿತು. ಬ್ಯಾಂಕಿಗೂ ಒಬ್ಬಳೇ, ರೈಲ್ವೆ ಸ್ಟೇಷನ್ನಿಗೂ ಒಬ್ಬಳೇ. ಅಲ್ಲೆಲ್ಲ ಬೊಂಬೆ ಬಂದಿತ್ತು. “ನೀನು ಆರಾಮಾಗಿ ಶಾಲೆಗೆ ಹೋಗು, ನಿನ್ನ ಇನ್ನೊಂದು ಜೊತೆ ಕೈ ನನ್ನ ನೋಡ್ಕೊಳ್ಳತ್ತೆ” ಎಂದು ತಮಾಷೆ ಮಾಡುತ್ತಿದ್ದಳು. ಟೀಚರ್‌ಗೆ ನಗು ಬರುತ್ತಿರಲಿಲ್ಲ. ಬೊಂಬೆ ಮಾಡಿದ ಕಂಪನಿಗೆ ಫೋನ್ ಮಾಡಿ, “ಆ ಬೆರಳು ಭಾಷೆಯಲ್ಲಪ್ಪಾ, ನನ್ನ ಕೈಯ ಊನ. ಅದನ್ನ ತೆಗೀರಿ” ಎಂದರು.

“ಸಾವಿರಾರು ಜನರ ವಿಡಿಯೊ ಹಾಕಿ ಕಲಿಸಿದೀವಿ ಮೇಡಂ. ತಾನಾಗೇ ಸರಿಹೋಗತ್ತೆ” ಎಂದ ಆ ಕಡೆಯವನು.

ಕೊನೆಗೆ ಅವರು ಪರಿಚಯದ ವಕೀಲರ ಮನೆಗೆ ಹೋದರು. ವಯಸ್ಸಾದ ವಕೀಲರು ಕನ್ನಡಕ ಹಣೆಗೇರಿಸಿ ಎಲ್ಲವನ್ನೂ ಕೇಳಿಸಿಕೊಂಡರು.

“ಬೇಜಾರು ಮಾಡ್ಕೋಬೇಡಮ್ಮ. ಅವರು ನಿನಗೆ ಕೈ ಕೊಟ್ಟಿಲ್ಲ, ನೀನೇ ಅವರಿಗೆ ಕೈ ಕೊಟ್ಟಿದೀಯ” ಎಂದು ನಕ್ಕರು. ಟೀಚರ್ ನಗದಿದ್ದುದನ್ನು ನೋಡಿ ದನಿ ಇಳಿಸಿದರು. “ನೋಡು, ಭಾಷೆ ಯಾರಪ್ಪನ ಸ್ವತ್ತೂ ಅಲ್ಲ. ‘ನೀರು’ ಅನ್ನೋ ಸನ್ನೆ ನನ್ನದು ಅಂತ ನೀನು ಹಕ್ಕು ಸಾಧಿಸೋ ಹಾಗಿದ್ರೆ ನಾಳೆ ನಿನ್ನ ಶಾಲೆ ಮಕ್ಕಳು ನೀರು ಕೇಳೋಕೂ ನಿನ್ನ ಅಪ್ಪಣೆ ಬೇಕಾಗತ್ತೆ. ಹಕ್ಕು ಇರೋದು ವಿಡಿಯೊಗೆ. ಅದನ್ನ ಎಲ್ಲರೂ ಬಳಸಲಿ ಅಂತ ನೀನೇ ಬಿಟ್ಟುಕೊಟ್ಟೆ.”

“ತಾಯಂದಿರು ನೋಡಲಿ ಅಂತ ಕೊಟ್ಟೆ ಸರ್. ಯಂತ್ರ ನೋಡಿ ಕಲಿಯತ್ತೆ ಅಂತ ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ. ಕಾನೂನು ಬರೆದೋರಿಗೂ ಗೊತ್ತಿರಲಿಲ್ಲ. ಮಾಡಿದವನಿಗೆ ಒಂದಷ್ಟು ಕಾಲ ಹಕ್ಕು, ಆಮೇಲೆ ಅದು ಊರಿಗೆಲ್ಲ. ಬಿಗಿ ಮಾಡಿದ್ರೆ ಯಾರಿಗೂ ವಿದ್ಯೆ ಸಿಗಲ್ಲ, ಸಡಿಲ ಬಿಟ್ರೆ ಮಾಡಿದವನಿಗೆ ಏನೂ ಉಳಿಯಲ್ಲ. ಇದು ಪುಸ್ತಕ, ಹಾಡು ನೋಡ್ಕೊಂಡು ಹಾಕಿದ ಲೆಕ್ಕ. ಕೈಯನ್ನೇ ಕಲಿಯೋ ಯಂತ್ರಕ್ಕೆ ಏನು ಮಾಡಬೇಕು ಅಂತ ಇನ್ನೂ ಚರ್ಚೆ ಮಾಡ್ತಾನೇ ಇದಾರೆ.” ಅವರು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದರು. “ಸಾವಿರಾರು ಜನರದ್ದು ಹಾಕಿದೀವಿ ಅಂದನಾ? ನಂಗ್ಯಾಕೋ ಅನುಮಾನ. ಉಳಿದ ಟೀಚರುಗಳ ವಿಡಿಯೊಗೆಲ್ಲ ಬೀಗ ಇದೆ, ಅವರವರ ಸಂಸ್ಥೆ ಅನುಮತಿ ಬೇಕು. ಬಾಗಿಲು ತೆರೆದಿಟ್ಟಿದ್ದವಳು ನೀನೊಬ್ಬಳೇ. ಅದು ಕಲಿತಿದ್ದರೆ ಬಹುಪಾಲು ನಿನ್ನಿಂದಲೇ ಕಲಿತಿರತ್ತೆ.”

ಟೀಚರ್ ಮನೆಗೆ ನಡೆದುಕೊಂಡೇ ಬಂದರು. ಹಾಗಾದರೆ ಬೊಂಬೆ ‘ನಿಲ್ಲಿಸು’ ಎನ್ನುವಾಗ ಏನು ಮಾಡುತ್ತದೆ ಎಂಬ ಯೋಚನೆ ದಾರಿಯುದ್ದಕ್ಕೂ ಕಾಡಿತು. ಅದರ ಮುಖ ಯಾವಾಗಲೂ ನಗುತ್ತಿರುತ್ತದಲ್ಲ! ತಂಗಿಗೆ ಹೇಳಿದರೆ ಅವಳು ಕೈ ಒದರಿದಳು. “ನಿನಗೆ ಹೊಟ್ಟೆಕಿಚ್ಚು. ನಾನು ಒಬ್ಬಳೇ ಓಡಾಡೋದು ನಿನಗಾಗಲ್ಲ.”

ಆ ಮಾತು ಟೀಚರ್‌ಗೆ ಚುರುಕ್ಕೆಂದಿತು. ಅದರಲ್ಲಿ ಒಂದೆಳೆ ನಿಜವೂ ಇರಬಹುದೇ ಎಂದು ಅವರಿಗೇ ಅನ್ನಿಸಿತು. ಮತ್ತೆ ಆ ವಿಷಯ ಎತ್ತಲಿಲ್ಲ.

ತಂಗಿಗೆ ಹೃದಯದ ತೊಂದರೆಯಿತ್ತು. ರಕ್ತ ಹೆಪ್ಪುಗಟ್ಟದಿರಲು ದಿನವೂ ಮಾತ್ರೆ ನುಂಗುತ್ತಿದ್ದಳು. ಆ ಮಳೆಗಾಲದಲ್ಲಿ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕೆಂದು ಗೊತ್ತಾಯಿತು. ಆಪರೇಷನ್ನಿಗೆ ಮೊದಲು ಏನೇನು ಮಾಡಬೇಕೆಂದು ಕೇಳಿಕೊಂಡು ಬರಲು ಅವಳು ಒಬ್ಬಳೇ ಹೋದಳು. ನರ್ಸು ಮೈಕಿನಲ್ಲಿ, ಆ ಮಾತ್ರೆಯನ್ನು ಇವತ್ತೇ ನಿಲ್ಲಿಸಿ ಎಂದಳು. ಬೊಂಬೆ ಕಿರುಬೆರಳು ಚಾಚಿ ಕೈಯನ್ನು ಮುಂದೆ ತಳ್ಳಿತು. ತಂಗಿ ಅಭ್ಯಾಸದಂತೆ ಮುಖ ನೋಡಿದಳು. ಮುಖ ನಗುತ್ತಿತ್ತು. ಸರಿ ಎಂದು ತಲೆಯಾಡಿಸಿ ಬಂದಳು. ಮಾತ್ರೆ ನಿಲ್ಲಿಸಿದಿರಾ ಎಂದು ಆಪರೇಷನ್ ದಿನ ಮತ್ತೆ ಕೇಳಿದ್ದೂ ಬೊಂಬೆಯ ಮೂಲಕವೇ. ಮುಂದುವರಿಸಿದಿರಾ ಎಂದು ತಿಳಿದು ಹೌದೆಂದಳು.

ಆಪರೇಷನ್ ಮೇಜಿನ ಮೇಲೆ ರಕ್ತ ನಿಲ್ಲಲೇ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಟೀಚರ್ ಮುಂದೆ ಡಾಕ್ಟರು, ನರ್ಸುಗಳು ಓಡಾಡಿದರು. ಯಾರೂ ಅವರ ಮುಖ ನೋಡಲಿಲ್ಲ. ಜೀವ ಉಳಿಯಿತು. ಆದರೆ ಮಿದುಳಿಗೆ ರಕ್ತ ಸಾಲದೆ ತಂಗಿಯ ಎಡಗೈ ಸ್ವಾಧೀನ ತಪ್ಪಿತು. ಎರಡು ಕೈ ಬೇಕಾದ ಮಾತುಗಳೆಲ್ಲ ಅವಳಿಗೆ ತೊದಲಾದವು. ಹಾಸಿಗೆಯ ಮೇಲೆ ಅವಳು ಒಂದೇ ಕೈಯಲ್ಲಿ ಕೇಳಿದ ಮೊದಲ ಪ್ರಶ್ನೆ, “ನೀನು ತಲೆ ಯಾಕೆ ಆಡಿಸಲಿಲ್ಲ?”

“ಅದು ನಾನಲ್ಲ ಕಣೇ” ಎಂದರು ಟೀಚರ್. ಮಂಪರಿನಲ್ಲಿದ್ದ ತಂಗಿಗೆ ಅದು ತಲುಪಿತೋ ಇಲ್ಲವೋ ತಿಳಿಯಲಿಲ್ಲ.

ಟೀಚರ್ ಸುಮ್ಮನಿರಲಿಲ್ಲ. ದೂರು ಕೊಟ್ಟರು. ಪತ್ರಿಕೆಯಲ್ಲಿ ಬಂತು. ಆಸ್ಪತ್ರೆಯವರು ಕಂಪನಿಯತ್ತ ಬೊಟ್ಟು ಮಾಡಿ ಕೈತೊಳೆದುಕೊಂಡರು. ಎಲ್ಲ ಕಡೆ ಬೊಂಬೆಯ ಪರದೆಗಳನ್ನು ಆರಿಸಿದರು.

ಒಂದು ಭಾನುವಾರ ಬಾಗಿಲು ತೆರೆದರೆ ಹೊರಗೆ ಜನ ನಿಂತಿದ್ದರು. ಎಲ್ಲ ಕಿವಿ ಕೇಳದವರೇ, ಅರ್ಧಕ್ಕರ್ಧ ಅವರ ಹಳೆಯ ವಿದ್ಯಾರ್ಥಿಗಳು. ಬೈಯಲು ಬಂದಿದ್ದರು. ತುಂಬು ಬಸುರಿಯೊಬ್ಬಳು ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯಲ್ಲಿ ಕೂತು, ಯಾರಿಗೂ ತನ್ನ ನೋವು ತಿಳಿಸಲಾಗದೆ ವಾಪಸು ಬಂದಿದ್ದಳಂತೆ. “ನಿಮ್ಮ ತಂಗಿಗೆ ನೀವಿದೀರಿ ಟೀಚರ್. ನಮಗೆ ಯಾರಿದಾರೆ? ಇದ್ದ ಒಂದನ್ನೂ ನೀವು ಆರಿಸಿದಿರಿ” ಎಂದ ಅವರಲ್ಲಿ ಹಿರಿಯ ವಿದ್ಯಾರ್ಥಿ. “ಅದಕ್ಕೆ ಭಾವ ತೋರಿಸೋ ಮುಖ ಇಲ್ಲ, ಅದೇ ದೋಷ. ನಮ್ಮಪ್ಪ ಸತ್ತಿದ್ದನ್ನ ಅದು ನಗ್ತಾ ಹೇಳಿತು. ನಿಮ್ಮ ಮುಖವನ್ನೂ ಕೊಟ್ಟುಬಿಡಿ.”

ಮರುದಿನವೇ ಕಂಪನಿಯವನ ಫೋನ್ ಬಂತು. ಬೊಂಬೆಯನ್ನು ಹೊಸದಾಗಿ ಕಲಿಸಲು ವರ್ಷಗಳು ಬೇಕು, ಇವರು ಬಂದರೆ ಕೆಲವೇ ವಾರ ಸಾಕು ಎಂದ. ಟೀಚರ್ ಒಪ್ಪಿದರು. ಈ ಸಲ ವಕೀಲರು ಕರಾರನ್ನು ಸಾಲುಸಾಲು ಓದಿ, ಮುಖವನ್ನು ಆಸ್ಪತ್ರೆಗೆ ಮಾತ್ರ ಬಳಸಬೇಕೆಂದು ಬರೆಸಿದರು. “ಇಷ್ಟೇ ನನ್ನ ಕೈಲಾಗೋದು” ಎಂದು ಕಾಗದ ಮುಂದೆ ಸರಿಸಿದರು. “ಕೊಡೋಕೆ ಮುಂಚೆ ಮಾತ್ರ ಇದು ನಿನ್ನದು. ಕೊಟ್ಟ ಮೇಲೆ ಅದು ಏನು ಹೇಳತ್ತೆ, ಯಾರಿಗೆ ಹೇಳತ್ತೆ, ಅದು ನಿನ್ನ ಕೈಲಿರಲ್ಲ.”

ಕಿಟಕಿಯಿಲ್ಲದ ಕೋಣೆಯಲ್ಲಿ ಅವರ ಮುಖದ ತುಂಬ ಬಿಳಿ ಚುಕ್ಕೆ ಅಂಟಿಸಿದರು. ಬೇಡ ಎನ್ನಿ, ನಿಲ್ಲಿಸು ಎನ್ನಿ, ಇನ್ನೊಮ್ಮೆ, ಇನ್ನೊಮ್ಮೆ. ಬೆರಳನ್ನು ತಿದ್ದಲು ಬೇರೆ ಯಾರದೋ ಕೈ ತಂದಿದ್ದರು. ಕೊನೆಯ ದಿನ ಕಂಪನಿಯವನು, “ಈಗ ಸಾವಿನ ಸುದ್ದಿ ಹೇಳೋ ಮುಖ ಮೇಡಂ” ಎಂದ. ಟೀಚರ್‌ಗೆ ಅಮ್ಮ ಹೋದಾಗ ತಂಗಿಗೆ ಅದನ್ನು ತಿಳಿಸಿದ ಗಳಿಗೆ ನೆನಪಾಯಿತು. ಕಣ್ಣು ತಾನಾಗೇ ತುಂಬಿತು. “ಇದೇ, ಇದೇ. ಬಹಳ ಚೆನ್ನಾಗಿ ಬಂತು” ಎಂದ ಅವನು.

ಬೊಂಬೆಗಳು ಮತ್ತೆ ಬೆಳಗಿದವು. ಈಗ ಅವಕ್ಕೆ ಟೀಚರ್ ಮುಖವಿತ್ತು, ಸ್ವಲ್ಪ ಎಳೆಯದಾಗಿ, ಸುಕ್ಕಿಲ್ಲದೆ. ತಪ್ಪು ಮತ್ತೆ ಆಗಲಿಲ್ಲ. ಬಸುರಿಯರ ಮಾತು ಡಾಕ್ಟರಿಗೆ ತಲುಪಿತು. ಹಿರಿಯ ವಿದ್ಯಾರ್ಥಿ ಹಣ್ಣು ತಂದುಕೊಟ್ಟು ಹೋದ. ತಂಗಿ ಮಾತ್ರ ಬೊಂಬೆಯ ಮುಂದೆ ನಿಲ್ಲಲು ಒಪ್ಪಲಿಲ್ಲ. ಟೀಚರ್ ಮೊದಲಿನಂತೆ ರಜೆ ಹಾಕಿ ಅವಳ ಜೊತೆ ಹೋಗತೊಡಗಿದರು.

ಹಾಗೆ ಒಂದು ದಿನ ಆಸ್ಪತ್ರೆಯಿಂದ ಹೊರಬಂದು, ತಂಗಿಯನ್ನು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರಿಸುತ್ತಿದ್ದಾಗ, ರಸ್ತೆಯಾಚೆಯಿಂದ ಹೆಂಗಸೊಬ್ಬಳು ವಾಹನಗಳನ್ನೂ ಲೆಕ್ಕಿಸದೆ ನೇರ ಇವರತ್ತ ಬಂದಳು. ಟೀಚರ್ ಅವಳನ್ನು ಎಂದೂ ಕಂಡವರಲ್ಲ. ಕೆದರಿದ ಕೂದಲು, ಬತ್ತಿದ ಕಣ್ಣು. ಬಂದವಳೇ ಅವರ ಎದುರು ನಿಂತು ಸನ್ನೆಯಲ್ಲಿ ಮಾತಾಡತೊಡಗಿದಳು.

“ನೀನೇ ಹೇಳಿದ್ದು. ಮಗು ಉಳಿಯಲಿಲ್ಲ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ನೀನೇ ಹೇಳಿದ್ದು.”

ಹೆಂಗಸು ಇನ್ನೂ ಒಂದು ಹೆಜ್ಜೆ ಹತ್ತಿರ ಬಂದಳು.

“ಕೊನೇಲಿ ಅದು ಅತ್ತಿತಾ ಅಂತ ಕೇಳ್ತಾ ಇದ್ದೆ. ನನ್ನ ಮಾತು ಮುಗಿದಿರಲಿಲ್ಲ. ನೀನು ಪಟ್ಟಂತ ಆರಿಹೋದೆ. ಎಲ್ಲಿ ಹೋದೆ? ಅಷ್ಟು ಹೊತ್ತು ಗಾಜು ಬಡಿದೆ, ಯಾಕೆ ಬರಲಿಲ್ಲ?”

ಪಕ್ಕದಲ್ಲಿ ತಂಗಿ ಒಂದೇ ಕೈ ಎತ್ತಿ, ಇವಳು ಅವಳಲ್ಲ, ಇವಳು ನನ್ನ ಅಕ್ಕ, ಎನ್ನುತ್ತಿದ್ದಳು. ಹೆಂಗಸು ಆ ಕಡೆ ನೋಡಲೇ ಇಲ್ಲ. ಅದು ನಾನಲ್ಲಮ್ಮ ಎಂದು ಹೇಳಲು ಟೀಚರ್ ಕೈ ಎತ್ತಿದರು. ಮಾತು ಪೂರ್ತಿಯಾಗುವ ಮೊದಲೇ ಆಕೆ ಅವರ ಎರಡೂ ಮಣಿಕಟ್ಟುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಇನ್ನೊಮ್ಮೆ ಎಲ್ಲಿಗೂ ಹೋಗಗೊಡದವಳ ಹಾಗೆ. ಬಸ್ಸು ಬಂತು, ನಿಂತಿತು, ಹೊರಟಿತು. ಟೀಚರ್ ಬಿಡಿಸಿಕೊಳ್ಳಲು ಹೋಗಲಿಲ್ಲ.