ಕೈಯಿಂದ ಕೈಗೆ ಏರಿದ ಕುಂಭ

ವೆಸ್ಟ್ ಬ್ಲೂಮ್‌ಫೀಲ್ಡಿನ ಹೊಸ ದೇವಸ್ಥಾನಕ್ಕೆ ಕುಂಭಾಭಿಷೇಕ ಗೊತ್ತಾದಾಗ, ಶಿಖರದ ಕಲಶಕ್ಕೆ ನೀರೆರೆಯುವವರು ಯಾರು ಅಂತ ಯಾರೂ ಕೇಳಲಿಲ್ಲ. ತಿರುಮಲೇಶರಲ್ಲದೆ ಇನ್ನು ಯಾರು? ಜಾಗ ಹುಡುಕಿದವರು ಅವರು, ಟೌನ್‌ಶಿಪ್ಪಿನ ಮೀಟಿಂಗುಗಳಲ್ಲಿ ಗಂಟೆಗಟ್ಟಲೆ ಕೂತು ಪರ್ಮಿಷನ್ ತಂದವರು ಅವರು. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಕಾರ್ ಕಂಪನಿಯಲ್ಲಿ ಸೀಟ್ ಬೆಲ್ಟ್ ವಿಭಾಗದ ಎಂಜಿನಿಯರಾಗಿ ರಿಟೈರ್ ಆದವರು. ಬೆಲ್ಟ್ ಹಾಕಿಕೊಳ್ಳದವರ ಕಾರಿಗೆ ಇವತ್ತಿಗೂ ಹತ್ತುವವರಲ್ಲ.

ಅವರ ಹೆಂಡತಿ ಪದ್ಮ ಮಾತ್ರ ಸದ್ದಿಲ್ಲದೆ ತನ್ನ ಅಕ್ಕನ ಮಗಳಿಗೆ ಫೋನ್ ಮಾಡಿದರು. ಆ ಮಗಳೇ ಸುಹಾಸಿನಿ. ಷಿಕಾಗೋ ಪಕ್ಕದ ಸ್ಕೋಕಿಯಲ್ಲಿ ಮನೆ, ಷಿಕಾಗೋದ ಎತ್ತರದ ಕಟ್ಟಡಗಳಲ್ಲಿ ಕೆಲಸ ಮಾಡುವವರು ಬೀಳದ ಹಾಗೆ ನೋಡಿಕೊಳ್ಳುವ ಸೇಫ್ಟಿ ಎಂಜಿನಿಯರು.

"ಹತ್ತಬೇಡಿ ಅಂತ ಹೇಳೋಕೆ ನಿನ್ನ ಕರೀತಿಲ್ಲ ಕಣೇ," ಎಂದರು ಪದ್ಮ. "ಅದು ಆಗೋ ಮಾತಲ್ಲ. ಹತ್ತಿದೋರು ಅವರ ಕಾಲ ಮೇಲೆ ಅವರೇ ಇಳಿಯೋ ಹಾಗೆ ಮಾಡು, ಸಾಕು."

ಸುಹಾಸಿನಿ ಎರಡು ದಿನ ಮೊದಲೇ ಡ್ರೈವ್ ಮಾಡಿಕೊಂಡು ಬಂದಳು. ದೇವಸ್ಥಾನದ ತಾರಸಿಯ ಮೇಲೆ, ಗರ್ಭಗುಡಿಯ ಶಿಖರದ ಸುತ್ತ, ಕಬ್ಬಿಣದ ಪೈಪುಗಳ ಸಾರುವೆ ನಿಂತಿತ್ತು. ಬಾಡಿಗೆಯ ಕಂಪನಿಯವರು ಅದನ್ನು ಗಟ್ಟಿಯಾಗಿಯೇ ಕಟ್ಟಿದ್ದರು. ತೊಂದರೆಯಿದ್ದದ್ದು ಚಿಕ್ಕಪ್ಪ ತಿರುಮಲೇಶರ ಪ್ಲಾನಿನಲ್ಲಿ. ಕುಂಭ ನೆಲ ಮುಟ್ಟಬಾರದು, ಬಾವಿಯ ಕೊಡದ ಹಾಗೆ ಹಗ್ಗ ಕಟ್ಟಿ ಎಳೆಯಲೂಬಾರದು. ಆದ್ದರಿಂದ ಅವರು ಅದನ್ನು ತಲೆಯ ಮೇಲೆ ಹೊತ್ತು, ಎರಡೂ ಕೈಯಲ್ಲಿ ಹಿಡಿದು, ಹಿಂದಿನ ದಿನದಿಂದ ಉಪವಾಸವಿದ್ದು ಏಣಿ ಹತ್ತುವವರಿದ್ದರು. ಮೇಲೆ ಹೋದ ಮೇಲೆ, ಬೀಳದಂತೆ ಮೈಗೆ ಬಿಗಿದುಕೊಳ್ಳುವ ಪಟ್ಟಿಗಳ ಹಾರ್ನೆಸ್ಸಿನ ಹಗ್ಗವನ್ನು ಹಲಗೆಯ ಪಕ್ಕದ ಪೈಪಿಗೆ, ಅಂದರೆ ಪಾದದ ಮಟ್ಟದಲ್ಲಿ, ಸಿಕ್ಕಿಸಿಕೊಳ್ಳುವುದು.

ಸುಹಾಸಿನಿ ಬಾಯಿ ತೆರೆಯುವ ಮುಂಚೆಯೇ ಚಿಕ್ಕಪ್ಪ ನಕ್ಕುಬಿಟ್ಟರು. "ಏನಮ್ಮಾ, ಬೆಲ್ಟ್ ವಿಷಯ ನಂಗೇ ಪಾಠ ಹೇಳ್ತೀಯಾ? ನೀನು ಹುಟ್ಟೋಕೆ ಮುಂಚೆ ಅದರ ಮೇಲೆ ಪೇಪರ್ ಬರೆದೋನು ನಾನು."

ಅವಳು ವಾದಕ್ಕೆ ಇಳಿಯಲಿಲ್ಲ. ನಲವತ್ತನೆಯ ಮಹಡಿಯ ತೊಲೆಯ ಮೇಲೆ ಕೂತು ಬಿಡುಬೀಸಾಗಿ ಊಟ ಮಾಡುವ ಗಂಡಸರನ್ನು ಬಗ್ಗಿಸಿದವಳು ಅವಳು. ಮಾತಿನಿಂದ ಯಾರೂ ಬಗ್ಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. "ಸರಿ ಚಿಕ್ಕಪ್ಪ," ಎಂದಳು, "ನಿಮ್ಮ ಲ್ಯಾಬಲ್ಲಿ ಹೊಸ ಬೆಲ್ಟ್ ಬಂದಾಗ ಮೊದಲು ಯಾರನ್ನ ಕೂರಿಸ್ತಿದ್ರಿ?"

"ಡಮ್ಮೀನ. ಮನುಷ್ಯನಷ್ಟೇ ತೂಕದ ಬೊಂಬೇನ."

"ಹಾಗಾದ್ರೆ ಒಂದು ಡಮ್ಮಿ ಮಾಡೋಣ."

ಡಮ್ಮಿಗೆ ಬೇಕಾದದ್ದು ಅಡುಗೆಮನೆಯಲ್ಲಿತ್ತು. ಅಲ್ಲಿನ ಯಜಮಾನಿಕೆ ಬಾಗಲಕೋಟೆ ಕಡೆಯ ಗಂಗವ್ವನದು. ಸಂತರ್ಪಣೆಗೆಂದು ತರಿಸಿದ್ದ ಇಪ್ಪತ್ತು ಪೌಂಡಿನ ಅಕ್ಕಿ ಚೀಲಗಳಲ್ಲಿ ಎಂಟನ್ನು ಕೇಳಿದಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ತಿರುಮಲೇಶರ ತೂಕದಷ್ಟು ಅಕ್ಕಿ ಬೇಕು ಎಂದಾಗ, ತುಲಾಭಾರವೇನು ಅಂತ ಕೇಳಿದರು. ವಿಷಯ ತಿಳಿದ ಮೇಲೆ ತಾವೇ ಚೀಲಗಳನ್ನು ಬಿಗಿದು ಕಟ್ಟಿಸಿದರು.

ತಾರಸಿಯ ಮೇಲೆ ತಾಡಪಾಲು ಹಾಸಿ, ಜನರನ್ನು ದೂರ ನಿಲ್ಲಿಸಿ, ಅಕ್ಕಿಯ ಗಂಟಿಗೆ ಹಾರ್ನೆಸ್ ತೊಡಿಸಿ, ಚಿಕ್ಕಪ್ಪ ಹೇಳಿದ ಪೈಪಿಗೇ ಹಗ್ಗ ಸಿಕ್ಕಿಸಿ ಮೇಲಿನ ಹಲಗೆಯಿಂದ ತಳ್ಳಿದರು. ಹಗ್ಗ ಹರಿಯಲಿಲ್ಲ. ಕೊಕ್ಕೆ ಬಿಚ್ಚಲಿಲ್ಲ. ಆದರೆ ಹಗ್ಗ ಬಿಗಿಯಾಗುವ ಹೊತ್ತಿಗೆ ಗಂಟು ತಾರಸಿಗೆ ಅಪ್ಪಳಿಸಿ, ಚೀಲಗಳು ಒಡೆದು ಅಕ್ಕಿ ಚೆಲ್ಲಾಪಿಲ್ಲಿಯಾಗಿತ್ತು.

ಗಂಗವ್ವ ಬಂದು ಬಗ್ಗಿ ನೋಡಿದರು. "ಇರ್ಲಿ ಬಿಡವಾ, ಚೆಲ್ಲಿದ್ರ ಅಕ್ಕಿ ಚೆಲ್ಲೇತಿ. ಆರ್ಸಿ ತಗೋತೇವಿ. ಮನಷ್ಯಾನ್ನ ಹಂಗ ಆರ್ಸಾಕ ಬರ್ತದೇನು?"

ತಿರುಮಲೇಶರು ತಾಡಪಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೇಲಿನ ಪೈಪನ್ನೂ ಕೆಳಗಿನ ಅಕ್ಕಿಯನ್ನೂ ನೋಡಿದರು. ಸುಹಾಸಿನಿ ಹೇಳಿದ್ದರೆ ಒಪ್ಪುತ್ತಿರಲಿಲ್ಲವೇನೋ. ಡಮ್ಮಿ ಹೇಳಿದ್ದನ್ನು ಅವರು ಜೀವಮಾನದಲ್ಲಿ ಒಮ್ಮೆಯೂ ಅಲ್ಲಗಳೆದವರಲ್ಲ. ಕಾಲ ಬುಡದಲ್ಲಿ ಕಟ್ಟಿದರೆ ಹಗ್ಗದ ಉದ್ದದ ಎರಡರಷ್ಟು ಬೀಳುತ್ತೇನೆ, ಅಷ್ಟು ಜಾಗ ಇಲ್ಲಿಲ್ಲ ಎಂದು ತಾವೇ ವಿವರಿಸಿದರು, ಯಾರಿಗೂ ಗೊತ್ತಿಲ್ಲವೇನೋ ಎನ್ನುವ ಹಾಗೆ. ಸುಹಾಸಿನಿ ಹೌದು ಹೌದು ಎಂದು ತಲೆಯಾಡಿಸಿದಳು. ಪೆಟ್ಟು ತಿಂದ ಆ ಹಾರ್ನೆಸ್ಸನ್ನು ಮತ್ತೆ ಯಾರೂ ತೊಡದಂತೆ ಅವರೇ ಕತ್ತರಿ ಕೇಳಿ ಪಟ್ಟಿಗಳನ್ನು ಕತ್ತರಿಸಿ ಹಾಕಿದರು.

ಮರುದಿನ ಸಾರುವೆ ಬಾಡಿಗೆಗೆ ಕೊಟ್ಟ ಕಂಪನಿಯ ಎಂಜಿನಿಯರು ಬಂದು, ಲೆಕ್ಕ ಹಾಕಿ, ಹಲಗೆಯ ಮೇಲೆ ನಿಂತವರ ತಲೆಗಿಂತ ಎತ್ತರದಲ್ಲಿ ಉಕ್ಕಿನ ತೊಲೆ ಕೂರಿಸಿದ. ಅದಕ್ಕೆ ಸೀಟ್ ಬೆಲ್ಟಿನ ಹಾಗೆ ತಾವಾಗಿಯೇ ಸುತ್ತಿಕೊಳ್ಳುವ ಪಟ್ಟಿಗಳನ್ನು ತೂಗುಹಾಕಿದರು: ಮೆಲ್ಲಗೆ ಎಳೆದರೆ ಬರುತ್ತದೆ, ಜರ್ರನೆ ಎಳೆದರೆ ಹಿಡಿದು ನಿಲ್ಲಿಸುತ್ತದೆ. ಚಿಕ್ಕಪ್ಪ ಅದನ್ನು ಹತ್ತಾರು ಸಲ ಎಳೆದು ನೋಡಿದರು, ಹಳೆಯ ಗೆಳೆಯ ಸಿಕ್ಕಿದಂತೆ ಮುಖ ಅರಳಿತು.

ಇನ್ನು ಉಳಿದದ್ದು ಕುಂಭ. ತಲೆಯ ಮೇಲೆ ಹೊತ್ತು ಏಣಿ ಹತ್ತುವುದಂತೂ ಆಗದು. ಏಣಿ ಹತ್ತುವವನಿಗೆ ಎರಡು ಕೈಯೂ ಏಣಿಗೇ ಬೇಕು. ಕುಂಭ ನೆಲ ಮುಟ್ಟಬಾರದು ಅನ್ನುವುದು ಸರಿ, ಒಬ್ಬರೇ ಒಯ್ಯಬೇಕು ಅಂತ ಎಲ್ಲಾದರೂ ಇದೆಯೇ ಎಂದು ಸುಹಾಸಿನಿ ದೇವಸ್ಥಾನದ ಅರ್ಚಕರಾದ ಭಟ್ಟರನ್ನು ಕೇಳಿದಳು. ಅವರು ಶಾಸ್ತ್ರ ನೆನಪಿಸಿಕೊಂಡು, ಇಲ್ಲ ಎಂದರು. ಹಾಗಾದರೆ ಪ್ರತಿ ಅಂತಸ್ತಿನಲ್ಲೂ ಒಬ್ಬರು ತೊಲೆಗೆ ಸಿಕ್ಕಿಸಿಕೊಂಡು ನಿಲ್ಲಲಿ, ಕುಂಭ ಕೈಯಿಂದ ಕೈಗೆ ಏರಲಿ. ಆದರೆ ಆ ಪಟ್ಟಿಗಳು ಮಡಿಯೇ ಎನ್ನುವುದು ಭಟ್ಟರ ಪ್ರಶ್ನೆ. ಪದ್ಮ ಎಲ್ಲ ಹಾರ್ನೆಸ್ಸುಗಳನ್ನೂ ಮಡಿಯಲ್ಲಿ ಒಗೆದು, ಪಂಚೆಗಳ ಜೊತೆ ಗಳುವಿನ ಮೇಲೆ ನೆರಳಿನಲ್ಲಿ ಒಣಗಿಸಿದರು. ತೊಡೆಯ ಪಟ್ಟಿ ಸರಿಯಾಗಿ ಕೂರಬೇಕಾದರೆ ಅಡ್ಡಪಂಚೆ ಆಗದು, ಕಚ್ಚೆಯೇ ಬೇಕು ಎಂದಾಗ ಭಟ್ಟರಿಗೆ ಪರಮ ಸಂತೋಷವಾಯಿತು. ಉಪವಾಸಕ್ಕೆ ಹಾಲು ಹಣ್ಣಿನ ವಿನಾಯಿತಿಯನ್ನು ಕೇಳದೆಯೇ ಕೊಟ್ಟರು.

ಭಾನುವಾರ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಕೆಳಗೆ ಹುಲ್ಲಿನ ಮೇಲೆ ಜನವೋ ಜನ, ಎಲ್ಲರ ಕೈಯಲ್ಲೂ ಫೋನು. ಪದ್ಮ ಸುಹಾಸಿನಿಯ ಪಕ್ಕದಲ್ಲಿ ತಲೆಯೆತ್ತಿ ನಿಂತರು. ತಿರುಮಲೇಶರು ಬರಿಗೈಯಲ್ಲಿ ಏಣಿ ಹತ್ತಿ ಮೇಲಿನ ಹಲಗೆ ಸೇರಿದರು. ಕುಂಭ ಕೆಳಗಿನ ಅಂತಸ್ತುಗಳಲ್ಲಿ ನಿಂತ ಸ್ವಯಂಸೇವಕರಲ್ಲಿ ವೀರೇಶನ ಕೈಯಿಂದ ಆರವನಿಗೆ, ಅಲ್ಲಿಂದ ಮೇಲಿನ ಹಲಗೆಯ ತುದಿಯಲ್ಲಿದ್ದ ಭಟ್ಟರಿಗೆ, ಅವರಿಂದ ತಿರುಮಲೇಶರಿಗೆ ಹೋಯಿತು. ಮುಹೂರ್ತ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು.

ಆಗಲೇ ಗೊತ್ತಾದದ್ದು: ಭಟ್ಟರು ಹೇಳಿದ ಪೂರ್ವದ ದಿಕ್ಕಿಗೆ ತಿರುಗಿ ಎರೆಯಲು ತಿರುಮಲೇಶರು ಕಲಶದ ಆ ಬದಿಗೆ ಸರಿಯಬೇಕು. ಈಗ ಸಿಕ್ಕಿಸಿಕೊಂಡಿರುವ ಪಟ್ಟಿ ಅಲ್ಲಿಗೆ ನಿಲುಕುವುದಿಲ್ಲ. ಅಲ್ಲಿನದಕ್ಕೆ ಮೊದಲು ಸಿಕ್ಕಿಸಿ, ಆಮೇಲೆ ಇದನ್ನು ಬಿಡಿಸಬೇಕು. ಎರಡೇ ಹೆಜ್ಜೆ, ಬಿಡಿಸಿ ನಡೆದುಬಿಟ್ಟರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ನಾದಸ್ವರ ಜೋರಾಯಿತು. ಸುರೀರಿ, ಸುರೀರಿ ಎಂದು ಕೆಳಗಿನವರು ಕೂಗತೊಡಗಿದರು. ಮೈಕಿನಲ್ಲಿ ಯಾರೋ ಟೈಮ್ ಆಗ್ತಿದೆ ಎಂದರು.

ಪದ್ಮ ಸುಹಾಸಿನಿಯ ಮುಂಗೈ ಹಿಡಿದುಕೊಂಡರು. "ಏನಾದ್ರೂ ಹೇಳೇ ಅವರಿಗೆ."

"ಬೇಡ ಚಿಕ್ಕಮ್ಮ. ಅವರಿಗೆ ಗೊತ್ತು."

ಮೇಲೆ ತಿರುಮಲೇಶರು ಕುಂಭವನ್ನು ಭಟ್ಟರ ಕೈಗೆ ವಾಪಸು ಕೊಟ್ಟರು. ಗದ್ದಲ ಅಲ್ಲಿಗೆ ಕೇಳಿಸುವುದೇ ಇಲ್ಲವೆನ್ನುವಂತೆ ಆ ಬದಿಯ ಪಟ್ಟಿಯನ್ನು ಕೈಚಾಚಿ ತಂದರು, ಹಾರ್ನೆಸ್ಸಿನ ಬೆನ್ನಿನ ಬಳೆಗೆ ಅದನ್ನು, ಕುಂಭವನ್ನು ಒಂದು ತೋಳಲ್ಲಿ ಅವಚಿಕೊಂಡ ಭಟ್ಟರ ಇನ್ನೊಂದು ಕೈಯಿಂದಲೇ ಹಾಕಿಸಿಕೊಂಡರು. ಭುಜ ಕೊಡವಿ ಎಳೆದು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಹಳೆಯದನ್ನು ಬಿಡಿಸಿಕೊಂಡು ಎರಡು ಹೆಜ್ಜೆ ನಡೆದು, ಕುಂಭ ಇಸಕೊಂಡು, ತಲೆಗಿಂತ ಮೇಲೆತ್ತಿದರು.

ನೀರು ಕಲಶದ ಮೇಲಿಂದ ಹೊಳೆಯುತ್ತ ಇಳಿಯಿತು. ಕೆಳಗೆ ಎಲ್ಲರೂ ಕೈಯೆತ್ತಿ ಹನಿಗಾಗಿ ಮುಗಿಬಿದ್ದರು. ಪದ್ಮ ಕೈ ಮುಗಿದರೇ ಹೊರತು ಕಣ್ಣು ಮುಚ್ಚಲಿಲ್ಲ; ಗಂಡ ಒಂದೊಂದೇ ಮೆಟ್ಟಿಲು ಇಳಿದು ತಾರಸಿಗೆ ಕಾಲಿಡುವ ತನಕ ನೋಡುತ್ತಲೇ ಇದ್ದರು. ಆಮೇಲೆ ಸುಹಾಸಿನಿಯ ಕೈ ಬಿಟ್ಟು, ಅವರ ಊಟಕ್ಕೆ ಎಲೆ ಹಾಕಿಸಲು ಒಳಗೆ ನಡೆದರು.