ಕರಿಮಡ್ಡಿಯ ಅಧ್ಯಕ್ಷೆ

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಗೊಬ್ಬರದಂಗಡಿಯ ಮಾಳಿಗೆಯ ಮೇಲೆ, ಗಂಗಾ ಗ್ರಾಮಸೇವಾ ಮಂಡಳದ ಕಚೇರಿ ಇತ್ತು. ಯೂರಿಯಾದ ವಾಸನೆ ಕುಡಿಯುತ್ತ ಅಲ್ಲಿ ಗ್ರಾಮಸೇವೆ ಮಾಡುತ್ತಿದ್ದವರು ಇಬ್ಬರೇ. ಒಬ್ಬರು ಕಾರ್ಯದರ್ಶಿ ಮುರಗೆಪ್ಪನವರು. ಖಾದಿ ಜುಬ್ಬಾ, ಕಿಸೆಯಲ್ಲಿ ಎರಡು ಪೆನ್ನು. ಎರಡರಲ್ಲೂ ಶಾಯಿ ಇರುತ್ತಿರಲಿಲ್ಲ. ಇನ್ನೊಬ್ಬ ಶೇಡಬಾಳದ ಧನಪಾಲ. ಮೂರು ಹಂಗಾಮು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳ ನಂಬರು ಬರೆದು ಬೇಸತ್ತು, ಇಂಗ್ಲಿಷ್ ಟೈಪಿಂಗ್ ಕಲಿತು ಇಲ್ಲಿಗೆ ಬಂದಿದ್ದ.

ಹಾಲೆಂಡಿನ ಒಂದು ಸಂಸ್ಥೆಯವರು ಕೊಟ್ಟ ಅನುದಾನದಲ್ಲಿ ಮಂಡಳವು ೧೯೮೮ರ ಬೇಸಿಗೆಯಲ್ಲಿ ರಾಯಬಾಗ ಮತ್ತು ಅಥಣಿ ಕಡೆಯ ಐದು ಊರುಗಳಲ್ಲಿ ಕೈಪಂಪಿನ ಬೋರಿಂಗು ಹಾಕಿಸಿತು. ಐದನ್ನೂ ಕೊರೆಯಲು ಹನ್ನೊಂದು ದಿನ ಸಾಕಾಯಿತು. ನೀರು ಬಂದಿದೆ ಎಂದು ಹಾಲೆಂಡಿಗೆ ಹೇಳಲು ಮಾತ್ರ ಎರಡು ವರ್ಷ ಬೇಕಿತ್ತು. ಕೆಲಸ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕು, ಪ್ರತಿ ಬೋರಿಂಗಿಗೂ ಇಪ್ಪತ್ತೆರಡು ಪ್ರಶ್ನೆ, ಎಂಬುದು ಕರಾರು.

ಮೊದಲ ವರದಿಗೆ ಧನಪಾಲ ಐದೂ ಊರು ಸುತ್ತಿದ. ಎರಡನೆಯದಕ್ಕೆ ಮಳೆಗಾಲ ಅಡ್ಡ ಬಂತು. ಕುರ್ಚಿಯಲ್ಲೇ ಕೂತು ಬರೆದ. ಅದೇ ಹೆಚ್ಚು ಚೆನ್ನಾಗಿದೆ ಎಂದು ಹಾಲೆಂಡಿನವರು ಮೆಚ್ಚಿಕೊಂಡರು. ಆಮೇಲೆ ಅವನು ಬಸ್ಸು ಹತ್ತಲಿಲ್ಲ.

ಹಾಲೆಂಡಿನವರದು ಒಂದೇ ತಕರಾರು. ಐದೂ ನೀರಿನ ಸಮಿತಿಗಳಿಗೆ ಗಂಡಸರೇ ಅಧ್ಯಕ್ಷರು ಯಾಕೆ ಎಂದು ಕೇಳಿದ್ದರು.

“ಒಬ್ಬಾಕಿ ಹೆಣ್ಮಗಳನ್ನ ಹಾಕಿ ಬಿಡೋ,” ಎಂದರು ಮುರಗೆಪ್ಪನವರು, ಅಡಕೆ ಕತ್ತರಿಸುತ್ತ.

“ಎಲ್ಲಿಂದ ತರೂದ್ರಿ?”

“ಟೈಪ್ ಮಾಡಾಕ ಬರ್ತೈತಿಲ್ಲೋ ನಿನಗ?”

ಹೀಗೆ ಗೌರಾಬಾಯಿ ಹುಟ್ಟಿದಳು. ಯಾರೂ ಹೋಗಿ ನೋಡದಂಥ ಊರು ಬೇಕಲ್ಲ? ಅಥಣಿಯಿಂದಲೂ ಮೂಡಣಕ್ಕೆ, ಬಸ್ಸಿಳಿದು ಐದು ಮೈಲಿ ನಡೆಯಬೇಕಾದ ಕುರುಬರ ವಸ್ತಿ ಕರಿಮಡ್ಡಿಯನ್ನು ಧನಪಾಲ ಅವಳಿಗೆ ಕೊಟ್ಟ. ಹುಟ್ಟಿದವಳು ಸುಮ್ಮನಿರಲಿಲ್ಲ. ಮೂರನೆಯ ವರದಿಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸತೊಡಗಿದಳು. ನಾಲ್ಕನೆಯದರಲ್ಲಿ ಪಂಪಿನ ಸುತ್ತ ಇಪ್ಪತ್ತು ನಿಂಬೆಗಿಡ ನೆಟ್ಟಳು. ಐದನೆಯದರಲ್ಲಿ, ಪಂಪಿನ ಕಟ್ಟೆಯ ಮೇಲೆ ಎಮ್ಮೆ ತೊಳೆದ ತಪ್ಪಿಗೆ ಸ್ವಂತ ಗಂಡನಿಗೇ ದಂಡ ಹಾಕಿದಳು. ಅದನ್ನು ಟೈಪ್ ಮಾಡುವಾಗ ಧನಪಾಲನಿಗೆ ಕಣ್ಣು ತುಂಬಿ ಬಂದಿತ್ತು. ಉಳಿದ ನಾಲ್ಕು ಊರುಗಳ ಬಗ್ಗೆ ‘ಎಲ್ಲ ಸರಿಯಾಗಿದೆ’ ಎಂಬ ಒಂದೊಂದು ಸಾಲು ಬರೆದು ಅವನು ಮತ್ತೆ ಇವಳ ಹತ್ತಿರ ಬರುತ್ತಿದ್ದ.

೧೯೯೦ರ ಜನವರಿಯಲ್ಲಿ ಪತ್ರ ಬಂತು. ಹನ್ನಾ ಎಂಬ ಅಧಿಕಾರಿಣಿ ಕೊನೆಯ ವರದಿಗೆ ಮುಂಚೆ ಕೆಲಸ ನೋಡಲು ಬರುತ್ತಾರೆ. ಸಮಯ ಕಡಿಮೆ, ಒಂದೇ ಊರು ನೋಡುತ್ತಾರೆ. ಗೌರಾಬಾಯಿಯ ಊರು.

ಮುರಗೆಪ್ಪನವರು ಪತ್ರವನ್ನು ಎರಡು ಸಲ ಓದಿಸಿಕೊಂಡರು. ಮುಂದಿನ ಅನುದಾನದಲ್ಲಿ ಇಪ್ಪತ್ತು ಬೋರಿಂಗು ಮತ್ತು ಒಂದು ಜೀಪು ಇದ್ದವು. ಜೀಪಿನ ಬಣ್ಣವನ್ನು ಅವರು ಆಗಲೇ ಮನಸ್ಸಿನಲ್ಲಿ ಆರಿಸಿದ್ದರು.

“ನಾಳೆನ ಹೋಗು. ಬಾಯಿ ಚುರುಕ ಇರೂ ಒಬ್ಬಾಕೀನ ಹುಡುಕು. ಒಂದ ದಿನದ ಮಟ್ಟಿಗೆ ಗೌರಾಬಾಯಿ ಆಗಲಿ.”

ಒಂದೂವರೆ ವರ್ಷದ ಮೇಲೆ ಧನಪಾಲ ಕರಿಮಡ್ಡಿಗೆ ಕಾಲಿಟ್ಟ. ಇಪ್ಪತ್ಮೂರು ಮನೆ, ಕಲ್ಲುಬೇಲಿಯ ಕುರಿದೊಡ್ಡಿಗಳು, ನಡುವೆ ಬೋರಿಂಗು. ಬೋರಿಂಗಿನ ಹಿಡಿಕೆಗೆ ಎತ್ತು ಕಟ್ಟುವ ಸರಪಳಿ ಸುತ್ತಿ ಬೀಗ ಜಡಿದಿತ್ತು. ಇದುವರೆಗಿನ ಎಲ್ಲ ವರದಿಗಳಲ್ಲೂ ಅವನು ಈ ಪಂಪು ಹಗಲೂ ರಾತ್ರಿ ಎಲ್ಲರಿಗೂ ಮುಕ್ತವಾಗಿದೆ ಎಂದು ಬರೆದಿದ್ದ.

“ಯಾರ ಹಾಕ್ಯಾರ ಈ ಬೀಗ?” ಎಂದು ಜೋರಾಗಿ ಕೇಳಿದ.

ಪಕ್ಕದ ಮನೆಯಿಂದ ನಲವತ್ತೈದರ ಆಸುಪಾಸಿನ ಹೆಂಗಸು ಹೊರಬಂದಳು. ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. “ನಾ ಹಾಕೇನಿ. ನೀವ್ಯಾರು?”

“ಈ ಬೋರಿಂಗ ಹಾಕಿಸಿದವ್ರು ನಾವು.”

“ಹೌದಾ? ಮತ್ತ ಇಷ್ಟ ದಿನ ಎಲ್ಲಿ ಸತ್ತಿದ್ರಿ? ಹ್ವಾದ ಬ್ಯಾಸಗ್ಯಾಗ ಪಂಪಿನ ಒಳಗಿನ ರಬ್ಬರ ವಾಸರ ಹರದ ಹೋತು. ಒಂದೂವರಿ ತಿಂಗಳ ಹಳ್ಳದ ಉಸುಕಿನ್ಯಾಗ ವರ್ತಿ ತೋಡಿ ಕುಡದ್ವಿ. ಅಥಣ್ಯಾಗಿಂದ ಫಿಟ್ಟರನ್ನ ಕರಕೊಂಡ ಬಂದು, ಒಂದ ಟಗರ ಕಡದ ಉಣ್ಣಾಕ ಹಾಕಿದ ಮ್ಯಾಲ ರಿಪೇರಿ ಆತು.”

ಟಗರಿನ ಮಾತಿಗೆ ಜೈನನಾದ ಧನಪಾಲ ಒಂದು ಹೆಜ್ಜೆ ಹಿಂದೆ ಸರಿದ. ಆ ಬೇಸಿಗೆಯ ವರದಿ ನೆನಪಾಗಿ ಇನ್ನೊಂದು ಹೆಜ್ಜೆ ಸರಿದ.

ಅವಳ ಹೆಸರು ಸಾವಿತ್ರೆವ್ವ. ಗಂಡ ಸಿದರಾಯ ಕುರಿ ಕಾಯುವವ. ಕಾಗದದಲ್ಲಿ ಮೊದಲ ಅಧ್ಯಕ್ಷ ಅವನೇ ಆಗಿದ್ದ, ಅದು ಅವನಿಗೆ ಗೊತ್ತಿರಲಿಲ್ಲ. ಬೋರಿಂಗಿನಲ್ಲಿ ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ನೀರು ಬರುತ್ತಿತ್ತು. ಮೀರಿ ಹೊಡೆದರೆ ಕೆಸರು. ಮೊದಮೊದಲು ಬೆಳಕು ಹರಿಯುವ ಮುಂಚೆ ಗಟ್ಟಿಗರು ಬಂದು ಕುರಿಗಳಿಗೆಲ್ಲ ಕುಡಿಸಿ ಖಾಲಿ ಮಾಡುತ್ತಿದ್ದರು. ಸಾವಿತ್ರೆವ್ವ ಒಂದು ದಿನ ಬೀಗ ತಂದಳು. ಹೊತ್ತಿಗೆ ಮನೆಗೆರಡು ಕೊಡ. ಕುರಿಗಳಿಗೆ ಹಳ್ಳವೇ ಗತಿ, ತನ್ನ ಗಂಡನ ಕುರಿಗಳಿಗೂ. ಅದಕ್ಕೆ ಸಿದರಾಯ ಎಂಟು ದಿನ ಅವಳ ಜೊತೆ ಮಾತು ಬಿಟ್ಟಿದ್ದನಂತೆ.

“ಆ ಎಂಟ ದಿನ ಭಾಳ ಆರಾಮಿತ್ತು,” ಎಂದಳು ಅವಳು.

ಧನಪಾಲ ಬಂದ ಕೆಲಸ ಹೇಳಿದ. ಸುತ್ತ ಹೆಂಗಸರು ನೆರೆದಿದ್ದರು. ಗೌರಾಬಾಯಿ ಯಾರು ಎಂದು ಅವರು ಕೇಳಿದ್ದಕ್ಕೆ, ಬ್ಯಾಗಿನಿಂದ ವರದಿ ತೆಗೆದು ಒಂದೊಂದಾಗಿ ಕನ್ನಡದಲ್ಲಿ ಹೇಳಬೇಕಾಯಿತು. ಅಕ್ಷರ ಕಲಿಸುವ ಭಾಗಕ್ಕೆ ಅವರು ಬಾಯಿಗೆ ಸೆರಗು ಹಿಡಿದರು. ನಿಂಬೆಗಿಡ ಬಂದಾಗ ಹಿಡಿದ ಸೆರಗು ಜಾರಿತು.

“ಇಪ್ಪತ್ತ ಗಿಡಾ! ನೀರ ಎಲ್ಲಿಂದ ಹಾಕಿದ್ಳಂತ? ಕೃಷ್ಣಾ ಹೊಳಿ ದಂಡೀ ಮ್ಯಾಲಿನಾಕಿ ಏನ ಆಕಿ?”

“ಹಗಲೆಲ್ಲ ಹಿಂಗ ತಿರಗತಾಳ ಅಂದ್ರ ಆಕೀ ಮನ್ಯಾಗ ಅಡಗಿ ಯಾರ ಮಾಡ್ತಾರೋ ಯಪ್ಪಾ?” ಎಂದು ಕೇಳಿದಳು ಮುದುಕಿ ತುಳಸವ್ವ, ನಿಜವಾಗಿಯೂ ಚಿಂತೆಯಿಂದ.

ಅವನಿಗೆ ಅಡುಗೆಯ ವಿಷಯ ಹೊಳೆದೇ ಇರಲಿಲ್ಲ.

“ಅಕ್ಕಾ, ಒಂದ ದಿನ ನೀವ ಗೌರಾಬಾಯಿ ಅಂತ ಹೇಳಿಬಿಡ್ರಿ. ಮಾಡೂ ಕೆಲಸ ಹೆಂಗೂ ನೀವ ಮಾಡಾಕತ್ತೀರಿ.”

ಸಾವಿತ್ರೆವ್ವನ ನಗು ನಿಂತಿತು. “ಕೆಲಸ ನಂದು, ಹೆಸರ ಬ್ಯಾರೆಯಾಕಿದಾ? ಅದೇನ ಆಗೂದಿಲ್ಲ. ಬರ್ಲಿ ಆ ಬಾಯಿ. ನೀರ ಕೊಡ್ತೇವಿ, ಕೇಳಿದ್ದಕ್ಕ ಹೇಳ್ತೇವಿ.”

ಕೊನೆಗೆ ತುಳಸವ್ವನೇ ದಾರಿ ತೋರಿಸಿದಳು. ಗೌರಾಬಾಯಿ ತವರಿಗೆ ಹೋಗಿದ್ದಾಳೆ ಎಂದರಾಯಿತು. ಧನಪಾಲ ಎಲ್ಲರಿಗೂ ಅದನ್ನೇ ಎರಡು ಸಲ ಹೇಳಿಕೊಟ್ಟು, ಸ್ವಲ್ಪ ಹಗುರಾಗಿ ಚಿಕ್ಕೋಡಿಗೆ ಮರಳಿದ.

ಫೆಬ್ರುವರಿಯ ಒಂದು ಮಧ್ಯಾಹ್ನ ಹನ್ನಾ, ಮುರಗೆಪ್ಪನವರು, ಧನಪಾಲ ಮೂವರನ್ನೂ ಹೊತ್ತ ಬಾಡಿಗೆ ಜೀಪು ಕರಿಮಡ್ಡಿಗೆ ಬಂತು. ಹನ್ನಾ ಎತ್ತರದ ಹೆಂಗಸು, ಬಿಸಿಲಿಗೆ ಮುಖ ಗಜ್ಜರಿಯಂತೆ ಕೆಂಪಾಗಿತ್ತು. ಇಳಿದವರೇ ಗೌರಾಬಾಯಿ ಎಲ್ಲಿ ಎಂದು ಕೇಳಿದರು. ಆ ಒಂದು ಹೆಸರು ಎಲ್ಲರಿಗೂ ತಿಳಿಯಿತು. ಧನಪಾಲ ಬಾಯಿ ತೆಗೆಯುವಷ್ಟರಲ್ಲಿ, ಬಿಳಿಯ ಹೆಂಗಸನ್ನು ಮೊದಲ ಸಲ ನೋಡಿ ದಿಕ್ಕುತಪ್ಪಿದ್ದ ಸಿದರಾಯ ರುಮಾಲು ತೆಗೆದು ಹೇಳಿಬಿಟ್ಟ.

“ತೀರಿಕೊಂಡ್ಳ್ರಿ, ಪಾಪ.”

“ಎಲ್ಲಿ ತೀರಿಕೊಂಡ್ಳೋ ಮಬ್ಬಾ!” ಎಂದು ತುಳಸವ್ವ ಗದರಿಸಿದಳು. “ತವರಮನಿಗೆ ಹೋಗ್ಯಾಳ ಅನ್ನು ಅಂತ ಹೇಳಿಲ್ಲೇನ?”

ಮುರಗೆಪ್ಪನವರು ಇಬ್ಬರನ್ನೂ ಹಿಂದೆ ತಳ್ಳಿ, ತಮಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, “ಟ್ರೇನಿಂಗ್, ಮೇಡಂ. ಕೊಲ್ಲಾಪುರ,” ಎಂದರು.

ಹನ್ನಾ ಧನಪಾಲನತ್ತ ತಿರುಗಿದರು. “ಮೊದಲಿನ ಇಬ್ಬರು ಏನು ಹೇಳಿದರು?”

ಒಂದನ್ನು ಆರಿಸಿ ಹೇಳಬಹುದಿತ್ತು. ಯಾವುದನ್ನು ಆರಿಸಲಿ ಎಂದು ಯೋಚಿಸುತ್ತಿದ್ದಂತೆ, ಬ್ಯಾಗಿನಿಂದ ಹನ್ನಾ ದಪ್ಪ ಕಾಗದಗಳ ಒಂದು ಕಟ್ಟು ತೆಗೆದರು. ತಮ್ಮೂರಿನ ಶಾಲೆಯಲ್ಲಿ ವರದಿಗಳನ್ನು ಓದಿ ಹೇಳಿದ್ದಾರೆ, ಮಕ್ಕಳು ಗೌರಾಬಾಯಿಗೆಂದು ಚಿತ್ರ ಬರೆದು ಕಳಿಸಿದ್ದಾರೆ, ಎಂದರು. ಮೇಲಿನ ಚಿತ್ರದಲ್ಲಿ ಕೆಂಪು ಲಂಗದ ಒಬ್ಬ ಹೆಂಗಸು, ಹಳದಿ ಹಣ್ಣಿನ ಗಿಡ, ನೀಲಿ ಬಣ್ಣದ ಎಮ್ಮೆ. ಎಮ್ಮೆಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಗಂಡ.

ಇಷ್ಟು ದಿನ ಧನಪಾಲ ಒಂದು ಕಚೇರಿಗೆ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿದ್ದ. ಕಚೇರಿಗೆ ಹೇಳುವ ಸುಳ್ಳು ಅವನಿಗೆ ಸುಳ್ಳೆಂದೇ ಅನ್ನಿಸಿರಲಿಲ್ಲ. ಈ ನೀಲಿ ಎಮ್ಮೆಯ ಮುಂದೆ ಅವನಿಗೆ ತಲೆ ಎತ್ತಲಾಗಲಿಲ್ಲ.

“ಒಬ್ಬರು ಸತ್ತಳು ಎಂದರು. ಒಬ್ಬರು ತವರಿಗೆ ಹೋದಳು ಎಂದರು. ಒಬ್ಬರು ಕೊಲ್ಲಾಪುರ ಎಂದರು,” ಎಂದ ಅವನು ಇಂಗ್ಲಿಷಿನಲ್ಲಿ. “ಮೂರೂ ಸುಳ್ಳು. ಅಂಥವಳು ಯಾರೂ ಇಲ್ಲ. ನಾನೇ ಬರೆದದ್ದು.”

ಇಂಗ್ಲಿಷು ಅಷ್ಟಾಗಿ ತಿಳಿಯದಿದ್ದರೂ ಮುರಗೆಪ್ಪನವರಿಗೆ ಮುಂದಿನ ಅನುದಾನದ ಜೀಪು ದೂರ ಹೋಗುತ್ತಿರುವುದು ಕಂಡಿತು. ಹನ್ನಾ ಮುಖ ಬಿಗಿದುಕೊಂಡರು. ಅಷ್ಟರಲ್ಲಿ ಸಾವಿತ್ರೆವ್ವ ಅವರ ಕೈಯಿಂದ ಚಿತ್ರಗಳನ್ನು ಇಸಿದುಕೊಂಡು ಹೆಂಗಸರಿಗೆಲ್ಲ ಹಂಚತೊಡಗಿದ್ದಳು.

“ಎಮ್ಮಿ ನೀಲಿ ಯಾಕ ಮಾಡ್ಯಾವ ಹುಡುಗ್ರು? ಚಳಿಗೇನ? ಸಾಹೇಬ್ರ, ಈ ಬಾಯಿಗೆ ಕೂಡ್ರಾಕ ಹೇಳ್ರಿ. ಇನ್ನ ಸ್ವಲ್ಪ ಹೊತ್ತಿಗೆ ಬೀಗ ತಗೀತೇನಿ.”

ಧನಪಾಲ ಇಂಗ್ಲಿಷಿನಲ್ಲಿ ಹೇಳಿದ ಬೀಗದ ಮಾತು ಕೇಳಿ ಹನ್ನಾ ಸರಪಳಿ ನೋಡಿದರು. ಯಾಕೆ ಎಂದು ಕೇಳಿದರು. ಸಾವಿತ್ರೆವ್ವ ಹೇಳಿದಳು, ಧನಪಾಲ ಒಂದಕ್ಷರ ಸೇರಿಸದೆ, ಬಿಡದೆ, ಇಂಗ್ಲಿಷು ಮಾಡಿದ: ವಾಷರು, ಹಳ್ಳದ ವರ್ತಿ, ಟಗರು, ಎಂಟು ದಿನದ ಮೌನ. ನೀರು ತರುವುದರಿಂದ ಉಳಿದ ವೇಳೆಯಲ್ಲಿ ನೀವೇನು ಮಾಡುತ್ತೀರಿ ಎಂಬ, ವರದಿಯ ಹದಿನಾಲ್ಕನೆಯ ಪ್ರಶ್ನೆಗೆ ಅವಳು, “ಮಲಗ್ತೇವಿ. ಮತ್ತೇನ ಮಾಡೂದು? ಮೊದಲ ಅದೂ ಇದ್ದಿಲ್ಲ,” ಎಂದಳು. ಹನ್ನಾ ಅದನ್ನು ಬರೆದುಕೊಂಡರು. ಸಂಜೆ ಬೀಗ ತೆಗೆದಾಗ ಅಂಗಿಯ ತೋಳು ಮಡಚಿ ತುಳಸವ್ವನ ಎರಡು ಕೊಡಗಳನ್ನು ತಾವೇ ತುಂಬಿದರು. ಅಂಗೈಗೆ ಬೊಬ್ಬೆ ಎದ್ದಿತು. ಧನಪಾಲನಿಗೆ ಮಾತ್ರ ಹೋಗುವಾಗಲೂ ಕೈ ಕೊಡಲಿಲ್ಲ.

“ನಿನ್ನ ಬಾಯಿಗೆ ವಾಸರ ಇಲ್ಲಲೇ,” ಎಂದರು ಮುರಗೆಪ್ಪನವರು ಮರಳುವ ದಾರಿಯಲ್ಲಿ.

ಉಳಿದ ನಾಲ್ಕು ಊರಿಗೂ ಧನಪಾಲ ಹೋಗಿ ಬಂದ. ಎರಡು ಬೋರಿಂಗು ನೆಟ್ಟಗಿದ್ದವು, ಒಂದು ಕೆಟ್ಟಿತ್ತು. ಇನ್ನೊಂದರ ಸುತ್ತ ಲಗಮಣ್ಣ ಎಂಬ ದ್ರಾಕ್ಷಿ ತೋಟದ ಧಣಿ ಕಾಂಪೌಂಡು ಕಟ್ಟಿಸಿದ್ದ. ಇದ್ದದ್ದನ್ನು ಇದ್ದಂತೆ ಕೊನೆಯ ವರದಿಯಲ್ಲಿ ಟೈಪ್ ಮಾಡಿದ. ಮುರಗೆಪ್ಪನವರು ಸಹಿ ಮಾಡಲಿಲ್ಲ. ಪೆನ್ನಿನಲ್ಲಿ ಶಾಯಿ ಇಲ್ಲ ಎಂದರು. ಅವನು ತನ್ನದೇ ಸಹಿ ಹಾಕಿ ಅಂಚೆಗೆ ಹಾಕಿದ. ಇಪ್ಪತ್ತು ಬೋರಿಂಗು ಬರಲಿಲ್ಲ, ಜೀಪೂ ಬರಲಿಲ್ಲ. ಮುಂದಿನ ತಿಂಗಳು ಧನಪಾಲನ ಕುರ್ಚಿಯ ಮೇಲೆ ಮುರಗೆಪ್ಪನವರ ಷಡ್ಡಕ ಕೂತಿದ್ದ.

ಧನಪಾಲ ಒಂದು ಹಳೆಯ ಟೈಪ್‌ರೈಟರು ಕೊಂಡು ಚಿಕ್ಕೋಡಿ ಕೋರ್ಟಿನೆದುರಿನ ಬೇವಿನ ಗಿಡದ ಕೆಳಗೆ ಕೂತ. ಮರುವರ್ಷ ಜೂನಿನಲ್ಲಿ ಸಾವಿತ್ರೆವ್ವ ಅಲ್ಲಿಗೇ ಹುಡುಕಿಕೊಂಡು ಬಂದಳು. ಎರಡನೆಯ ಬೋರಿಂಗಿಗಾಗಿ ಏ.ಸಿ. ಸಾಹೇಬರಿಗೆ ಅರ್ಜಿ ಕೊಡಬೇಕಿತ್ತು.

ಅವಳು ಹೇಳಿದಳು, ಅವನು ಬಡಿದ. ‘ನೀರಿಲ್ಲದೆ ಜನ ಜಾನುವಾರು ಪ್ರಾಣ ಬಿಡುವ ಸ್ಥಿತಿಯಲ್ಲಿದ್ದು’ ಎಂದು ಕೈ ತಾನಾಗಿ ಮುಂದುವರಿಯಿತು.

“ಏನ ಬಡದೆಲೋ ತಮ್ಮಾ? ಓದು.”

ಓದಿದ.

“ಯಾರ ಪ್ರಾಣ ಬಿಟ್ಟಾರ? ತಗಿ ಅದನ್ನ. ಇಪ್ಪತ್ಮೂರ ಮನಿ, ಹೊತ್ತಿಗೆ ಎರಡ ಕೊಡ, ಕುರಿಗಳಿಗೆ ಇಲ್ಲ. ಇಷ್ಟ ಬರಿ.”

ಕಾಗದ ಹರಿದು ಹೊಸದು ಹಾಕಿದ. ನಾಲ್ಕು ಸಾಲಿನ ಅರ್ಜಿ. ಅಷ್ಟು ಸಣ್ಣ ಅರ್ಜಿ ಆ ಗಿಡದ ಕೆಳಗೆ ಅವನು ಬಡಿದಿರಲಿಲ್ಲ. ಸಾಹೇಬರ ಬಾಗಿಲಿನ ಜವಾನ ಒಳಗೆ ಬಿಡುವುದಿಲ್ಲವೆಂದು ಗೊತ್ತಿದ್ದರಿಂದ ಟೈಪ್‌ರೈಟರಿಗೆ ಬಟ್ಟೆ ಮುಚ್ಚಿ ತಾನೂ ಜೊತೆಗೆ ಹೋದ. ಒಳಗೆ ಹೋಗಲು ಮೂರು ದಿನ ಹಿಡಿಯಿತು. ಬೋರಿಂಗು ಬರಲು ಹತ್ತು ತಿಂಗಳು.

ಇನ್ನೂರಾ ಹತ್ತು ಅಡಿಗೆ ನೀರು ಸಿಕ್ಕಿತು. ಸವುಳು ನೀರು. ಮನುಷ್ಯರು ಬಾಯಿಗೆ ಹಾಕಿಕೊಂಡು ಉಗಿದರು, ಕುರಿಗಳು ತಲೆ ಎತ್ತದೆ ಕುಡಿದವು.