ಮುಚ್ಚಿದ ಶಾಲೆಯ ಫೋನ್ ನಂಬರು

ಹೆಂಡತಿ ಕೌಸರಳ ಜನಾಜಾಕ್ಕೆ ಹೆಗಲು ಕೊಟ್ಟು ಗಲ್ಲಿಯ ಮೊದಲ ತಿರುವು ದಾಟುತ್ತಿದ್ದಾಗ ಹಾಶಿಮನ ಜುಬ್ಬಾದ ಕಿಸೆಯಲ್ಲಿ ಅವಳ ಫೋನು ಹೊಡೆದುಕೊಳ್ಳತೊಡಗಿತು. ಧಾರಾವಿಯ ಆ ಗಲ್ಲಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು. ಮಯ್ಯತ್ತಿನ ಮಂಚವನ್ನು ಓರೆ ಮಾಡಿ, ತಲೆಯ ಮಟ್ಟಕ್ಕೆ ಜೋತ ವೈರುಗಳನ್ನು ತಪ್ಪಿಸಿ, ನೀರಿನ ಪೈಪು ತುಳಿಯದಂತೆ ಎಲ್ಲರೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತಿದ್ದರು. ಕೈ ಬಿಡಿಸಿಕೊಳ್ಳುವ ಹಾಗಿರಲಿಲ್ಲ. ಫೋನು ಹೊಡೆದುಕೊಂಡು ಸುಮ್ಮನಾಯಿತು; ಮತ್ತೆ ಶುರುವಾಯಿತು.

"ಬಂದ್ ಮಾಡ್ರಿ ಭಾವಾ ಅದನ್ನ," ಹಿಂದೆ ಹೆಗಲು ಕೊಟ್ಟಿದ್ದ ಕೌಸರಳ ತಮ್ಮ ಮುಶರಫ ತಗ್ಗಿದ ದನಿಯಲ್ಲಿ ಹೇಳಿದ.

"ನಿಮ್ಮ ದೊಡ್ಡಕ್ಕ ವಿಜಾಪುರದಿಂದ ಹೊಂಟಾಳ. ಅಕಿ ಹಂತೇಕ ಇದೊಂದ ನಂಬರ ಐತಿ."

ಆದರೆ ಇದು ದೊಡ್ಡಕ್ಕನ ಫೋನಲ್ಲ ಎಂದು ಹಾಶಿಮನಿಗೆ ಗೊತ್ತಿತ್ತು. ಶಾಲೆ ಶುರುವಾಗುವ ಜೂನ್ ತಿಂಗಳು, ಕೆಲಸದ ದಿನ. ಇಂಥ ಹೊತ್ತಿಗೆ ಹೀಗೆ ಬಿಡದೆ ಬರುವ ಫೋನು ಶಾಲೆ ಕೇಳುವವರದೇ.

*

ಕೌಸರ ದಾದರಿನ ಹಿಂಬದಿಯ ಒಂದು ಗಲ್ಲಿಯಲ್ಲಿದ್ದ ಟ್ರಸ್ಟಿನ ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಕಡೆಯ ಕೆಲವು ವರ್ಷ ಮುಖ್ಯೋಪಾಧ್ಯಾಯಿನಿಯೂ ಆದಳು, ಆ ಹೊತ್ತಿಗೆ ಬೇರೆ ಟೀಚರುಗಳೇ ಉಳಿದಿರಲಿಲ್ಲವಾದ್ದರಿಂದ. ಮಕ್ಕಳು ಕಡಿಮೆಯಾಗುತ್ತ ಬಂದು ಒಂದು ಬೇಸಿಗೆ ರಜೆಯ ನಂತರ ಟ್ರಸ್ಟಿನವರು ಗೇಟು ತೆರೆಯಲೇ ಇಲ್ಲ.

ಕೆಲಸ ಹೋದ ಬೇಸರ ಕಳೆಯಲು ಅವಳು ನಕ್ಷೆಯ ಗುಂಪು ಸೇರಿದಳು. ಸಂಬಳವಿಲ್ಲ, ಆಫೀಸಿಲ್ಲ, ಯಾರು ಬೇಕಾದರೂ ತಮ್ಮ ಓಣಿಯನ್ನು ಫೋನಿನಲ್ಲಿ ಗುರುತು ಹಾಕಿ ಸೇರಿಸಬಹುದಾದ ನಕ್ಷೆ. ಭಾನುವಾರ ಹಾಶಿಮನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ವಾರವೆಲ್ಲ ಚರ್ಮದ ಪರ್ಸು ಹೊಲಿದು ಬೆನ್ನು ಬಿದ್ದುಹೋದ ಹಾಶಿಮ ಗೊಣಗುತ್ತ ಅವಳ ಹಿಂದೆ ನಡೆಯುತ್ತಿದ್ದ. ನಲ್ಲಿ, ಶೌಚಾಲಯ, ದವಾಖಾನೆ, ಮಳೆಗಾಲದಲ್ಲಿ ನೀರು ನಿಲ್ಲುವ ಮೂಲೆ, ಒಂದೊಂದನ್ನೂ ಅವಳು ನಿಂತು ನೋಡಿ ಹಾಕುತ್ತಿದ್ದಳು.

ಒಂದು ದಿನ ನಕ್ಷೆಯಲ್ಲಿ ಅವಳ ಶಾಲೆ ಬಂದು ಕೂತಿತು. ಗುಂಪಿನವರು ಎಲ್ಲಿಂದಲೋ ಊರಿನ ಶಾಲೆಗಳ ಹಳೆಯ ಪಟ್ಟಿಯೊಂದನ್ನು ತಂದು ಇಡಿಯಾಗಿ ನಕ್ಷೆಗೆ ಸುರಿದಿದ್ದರು. ಶಾಲೆಯ ಹೆಸರು, ಮಾಧ್ಯಮ ಕನ್ನಡ, ಸಮಯ, ಮುಖ್ಯೋಪಾಧ್ಯಾಯಿನಿಯ ಮೊಬೈಲು ನಂಬರು ಎಲ್ಲವೂ ಇತ್ತು. ಕೌಸರ ಅದನ್ನು ತೆಗೆದಳು. ಕೆಲವು ತಿಂಗಳಿಗೆ ಪಟ್ಟಿಯನ್ನು ಮತ್ತೆ ಸುರಿದರು. ಶಾಲೆ ಮತ್ತೆ ಬಂತು. ಅವಳು ತೆಗೆದಳು. ಅದು ಬಂತು.

ನಡುವೆ ಫೋನುಗಳು ಬರುತ್ತಿದ್ದವು. ಯಾದಗಿರಿ, ರಾಯಚೂರು, ಇಂಡಿ, ಸಿಂದಗಿಯಿಂದ ಬಿಲ್ಡಿಂಗು ಕಟ್ಟಲು ಬಂದ ಜನ. "ಸಾಲಿ ಐತೇನ್ರಿ? ಕನ್ನಡ ಸಾಲಿ?"

*

ಮಣ್ಣು ಹಾಕಿ ಮುಗಿದು, ದುಆ ಆದಮೇಲೆ, ಕಬರಸ್ತಾನದ ನಲ್ಲಿಯ ಹತ್ತಿರ ಹಾಶಿಮ ಕೈ ತೊಳೆಯದೆಯೇ ಫೋನು ತೆಗೆದ.

"ಟೀಚರ್ ಮನಿಯವರೇನ್ರಿ? ನಾ ಮರೆಪ್ಪ. ಮುಂಜಾನಿ ಫೋನ್ ಮಾಡಿದ್ದೆ. ಟೀಚರ್ ಬರ್ತಾರ, ಅಲ್ಲೇ ನಿಲ್ರಿ ಅಂದ್ರು. ಇನ್ನಾ ಗೇಟಿನ ಮುಂದನ ಅದೀನ್ರಿ. ಮಗಳ್ನೂ ಕರಕೊಂಡ ಬಂದೀನಿ."

"ಯಾರಂದ್ರು ಬರ್ತಾರಂತ?"

"ಯಾರೋ ಹೆಣ್ಮಗಳು ಅಂದ್ರು ರೀ."

"ಸಾಲಿ ಬಂದ್ ಆಗಿ ಬಾಳ ಕಾಲ ಆತು. ಹೋಗ್ರಿ ನೀವು."

"ಮೊಬೈಲಿನಾಗ ಐತಲ್ರಿ," ಆ ಕಡೆಯ ದನಿಯಲ್ಲಿ ಜಗಳವಿರಲಿಲ್ಲ, ಗೊಂದಲವಿತ್ತು. "ಇವತ್ತ ಚಾಲೂ ಅಂತ ತೋರಸ್ತೈತಿ."

ಹಾಶಿಮ ಫೋನು ಕತ್ತರಿಸಿದ. ಪರದೆಯ ಮೇಲೆ ಅವನ ಬೆರಳಿನ ಹಸಿ ಮಣ್ಣು ಅಂಟಿತ್ತು. ಅದನ್ನು ಒರೆಸಲೋ ಬಿಡಲೋ ತಿಳಿಯದೆ ನಿಂತಿದ್ದವನ ಬಳಿಗೆ ಕನ್ನಡಕದ ಯುವಕನೊಬ್ಬ ಬಂದ. ತಲೆಗೆ ಕರವಸ್ತ್ರ ಕಟ್ಟಿಕೊಂಡಿದ್ದ. ಮುಲುಂಡಿನ ಆರ್ಯ, ಬೆಂಗಳೂರು ಕಡೆಯ ಮನೆತನ. ಕೌಸರಳಿಗೆ ನಕ್ಷೆಯ ಕೆಲಸ ಕಲಿಸಿದವನು ಅವನೇ. ಮನೆಗೆ ಬಂದು ಅವಳ ಕೈಯ ಚಹಾ ಕುಡಿದವನು.

"ಅಂಕಲ್, ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಆಂಟಿ ನಮ್ಮ ಗುಂಪಲ್ಲಿ ಬೆಸ್ಟ್ ಇದ್ರು."

"ಸಾಲಿ ಪಟ್ಟಿ ಹಾಕ್ದಾವ ನೀನಲ್ಲಪ?"

ಆರ್ಯ ತಲೆ ತಗ್ಗಿಸಿದ. "ಹೂಂ ಅಂಕಲ್. ಅದು ಪ್ರೋಗ್ರಾಮ್ ಮಾಡತ್ತೆ, ಪಟ್ಟಿಯಲ್ಲಿ ಏನಿದೆಯೋ ಅದನ್ನ ಹಾಕತ್ತೆ. ಆಂಟಿ ತೆಗೀತಿದ್ರು. ಮುಂದಿನ ಅಪ್‌ಲೋಡ್‌ನಲ್ಲಿ ವಾಪಸ್ ಬರ್ತಿತ್ತು."

"ಅಕಿ ನಿನಗ ಹೇಳಲಿಲ್ಲೇನು?"

"ಹೇಳಿದ್ರು. ಗ್ರೂಪಲ್ಲಿ ಚರ್ಚೆ ಆಯ್ತು. ಒಂದೊಂದೇ ಶಾಲೆಗೆ ಎಕ್ಸೆಪ್ಶನ್ ಮಾಡಿದ್ರೆ ಕಷ್ಟ, ಮೂಲ ಪಟ್ಟೀನೇ ಸರಿಯಾಗ್ಲಿ ಅಂತ ಡಿಸೈಡ್ ಆಯ್ತು." ಅವನು ತನ್ನ ಫೋನು ತೆಗೆದ. "ಈಗ್ಲೇ ತೆಗೀತೀನಿ ಅಂಕಲ್. ನೋಡಿ, ತೆಗೆದೆ."

"ಮತ್ತ ಬರೂದಿಲ್ಲಲ್ಲ?"

ಆರ್ಯ ಫೋನನ್ನು ಕಿಸೆಗೆ ಹಾಕಿಕೊಂಡ.

"ಆ ಪಟ್ಯಾಗ ಹೆಡ್ ಮೇಡಮ್ಮನ ಹೆಸರೂ ಇರ್ತೈತೇನು?"

"ಇದೆ ಅಂಕಲ್."

"ಹಂಗಾದ್ರ ಅಕಿನೂ ಬರ್ತಾಳಂತ ಆತು."

ಇದನ್ನು ಕೇಳಿ ಆರ್ಯನ ಮುಖ ಸಣ್ಣದಾಯಿತು. ಹಾಶಿಮನಿಗೆ ಅದನ್ನು ನೋಡಿ ಯಾವ ಸಮಾಧಾನವೂ ಆಗಲಿಲ್ಲ. ಬೈಯಲು ಇನ್ನೂ ದೊಡ್ಡವನು ಯಾರಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಅವನು ನಲ್ಲಿ ತಿರುಗಿಸಿದ. ನೀರು ಬರಲಿಲ್ಲ.

*

ಹೋದ ವರ್ಷ ಇದೇ ದಿನಗಳಲ್ಲಿ ಅವರಿಬ್ಬರಿಗೆ ಜಗಳವಾಗಿತ್ತು. ಕೌಸರ ರೊಟ್ಟಿ ತಟ್ಟುವುದನ್ನು ಅರ್ಧಕ್ಕೆ ಬಿಟ್ಟು ಬುರಖಾ ಹಾಕಿಕೊಂಡು ಹೊರಟಿದ್ದಳು.

"ಸಿಮ್ ಬದಲ ಮಾಡು. ಇಲ್ಲಾ ಫೋನಿನಾಗ ಹೇಳು, ಸಾಲಿ ಇಲ್ಲಂತ. ಅದಕ್ಕ ದಾದರ ತನಕಾ ಹೋಗಬೇಕೇನು?" ಹಾಶಿಮ ರೇಗಿದ್ದ.

"ಫೋನಿನಾಗ ಹೇಳಿದ್ರ ಅವ್ರು ಸೀದಾ ಸೈಟಿಗೆ ಹೊಳ್ಳಿ ಹೋಗ್ತಾರ. ಕೂಸಿನ ಕೈಯಾಗ ಬುಟ್ಟಿ ಕೊಡ್ತಾರ. ಎದುರಿಗೆ ನಿಂತ್ರ ಮಾತ್ ಕೇಳ್ತಾರ. ಅವ್ರು ಇರೂ ಕಡೆ ಯಾವ ಸಾಲಿ ಹತ್ತರ ಐತಿ, ಅಲ್ಲಿ ಕರಕೊಂಡ ಹೋಗಿ ಕುಂಡ್ರಿಸಿ ಬರ್ತೀನಿ. ಮರಾಠಿನ ಆಗಲಿ, ಹಿಂದಿನ ಆಗಲಿ."

"ಎಲ್ಲಾರ್ನೂ ಕುಂಡ್ರಸ್ತೀ ಏನು?"

"ಇಲ್ಲ. ಬಾಳ ಮಂದಿ ಒಪ್ಪೂದಿಲ್ಲ." ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ್ದಳು. "ಸುಳ್ಳು ಬರದವ್ರು ಬ್ಯಾರೆ. ಆದ್ರ ಅದರಾಗ ನಂಬರ ನಂದೈತಲ್ಲ."

ರೊಟ್ಟಿ ಹಂಚಿನ ಮೇಲೇ ಕರಕಾಗಿತ್ತು. ಸಂಜೆ ಅವಳು ಸೋತು ಬಂದು ಗೋಡೆಗೆ ಒರಗಿ ಕೂತಾಗಲೂ ಹಾಶಿಮ ಏನಾಯಿತೆಂದು ಕೇಳಿರಲಿಲ್ಲ.

*

ಮನೆಗೆ ಬಂದಾಗ ಒಳಗೆಲ್ಲ ಹೆಂಗಸರಿದ್ದರು. ಪಕ್ಕದ ಮನೆಯವರು ಊಟ ತಂದಿಟ್ಟಿದ್ದರು. ಹಾಶಿಮ ಮಗಳು ಆರ್ಜೂಳನ್ನು ಹೊರಗಿನ ಮೆಟ್ಟಿಲಿಗೆ ಕರೆದ. ಅವಳ ಕಣ್ಣು ಊದಿಕೊಂಡಿದ್ದವು.

"ಮುಂಜಾನಿ ಅಮ್ಮಿ ಫೋನ್ ನೀ ತಗೊಂಡಿದ್ದೀ ಏನು?"

"ಹಾಂ ಅಬ್ಬಾ. ಗುಸಲ್ ಕೆ ಟೈಮ್, ಅಮ್ಮಿಗೆ ನೀರು ಹಾಕುವಾಗ. ಕೋಯಿ ಆದ್ಮಿ ಸಾಲಿ ಸಾಲಿ ಅಂತಿದ್ದ."

"ನೀ ಏನಂದಿ?"

"ಅಮ್ಮಿ ಸಿಖಾಯಾ ಥಾ ನಾ, ನಾನು ಸ್ನಾನಕ್ಕೆ ನಹಾನಿಗೆ ಹೋಗಿದ್ರೆ ಹೀಗೆ ಹೇಳು ಅಂತ. 'ಟೀಚರ್ ಬರ್ತಾರೆ, ಅಲ್ಲೇ ನಿಲ್ರಿ.' ಬಾಯಿಂದ ಅದೇ ಬಂತು." ಅವಳು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. "ವೋ ಅಭೀ ತಕ್ ಖಡಾ ಹೈ ಕ್ಯಾ? ಇನ್ನೂ ಅಲ್ಲೇ ನಿಂತಿದ್ದಾನಾ?"

ಹಾಶಿಮ ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಚಪ್ಪಲಿ ಹುಡುಕತೊಡಗಿದ.

ಮುಶರಫ ಹೊರಬಂದ. "ಎಲ್ಲಿಗ್ರಿ ಭಾವಾ? ಮಂದಿ ಬರಾಕತ್ತಾರ. ನೀವಿಲ್ಲಂದ್ರ ಹೆಂಗ?"

"ಬರ್ತೀನಿ."

"ಯಾವನೋ ಸೈಟಿನವಾ. ಬ್ಯಾಸತ್ತು ತಾನ ಹೋಗ್ತಾನ ಬಿಡ್ರಿ."

"ಹೋಗವಲ್ಲ ಅವಾ," ಹಾಶಿಮ ಸಿಡುಕಿದ. "ನಮ್ಮ ಮನಿಯಿಂದ ನಿಲ್ಲು ಅಂದಾರ. ನಿಂತಾನ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಅವನು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ. ಓದಿದ ಜನ ಮನೆಯಲ್ಲಿ ಕೂತು ಏನೋ ಹಾಕುತ್ತಾರೆ, ನೀವು ಅದನ್ನು ನಂಬುತ್ತೀರಿ, ನಡುವೆ ನನ್ನ ಹೆಂಡತಿ ಬಿಸಿಲಲ್ಲಿ ಅಲೆದಳು. ಇವತ್ತು ಇದು ಮುಗಿಯಬೇಕು. ಇನ್ನು ಈ ನಂಬರಿಗೆ ಫೋನು ಮಾಡಬೇಡಿ, ಬೇರೆಯವರಿಗೂ ಹೇಳಿ. ಗಟ್ಟಿಯಾಗಿ ಹೇಳಬೇಕು, ಮೆತ್ತಗೆ ಹೇಳಿದರೆ ತಲೆಗೆ ಹೋಗುವುದಿಲ್ಲ. ಬಸ್ಸು ದಾದರು ಮುಟ್ಟುವಷ್ಟರಲ್ಲಿ ಮಾತೆಲ್ಲ ತಯಾರಾಗಿತ್ತು.

ಶಾಲೆಯ ಗೇಟಿನ ಎದುರು ಹೂವಿನ ಖಾಲಿ ಬುಟ್ಟಿಗಳ ನಡುವೆ ಮರೆಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಹಾಶಿಮನನ್ನು ಕಂಡು ಎದ್ದು ನಿಂತ. ಒಗೆದು ಮಡಿಸಿಟ್ಟ ಅಂಗಿ ಹಾಕಿಕೊಂಡು ಬಂದಿದ್ದ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

"ಟೀಚರ್ ಕಳಿಸಿದ್ರೇನ್ರಿ?"

"ಟೀಚರ್ ತೀರಿಕೊಂಡ್ರು," ಎಂದ ಹಾಶಿಮ.

"ಯಾವಾಗ್ರಿ?"

"ಮುಂಜಾನಿ ನಮಾಜಿಗೆ ಎದ್ದಾಕಿ ಚಾಪಿ ಮ್ಯಾಲ ಹಂಗ ಒರಗಿದ್ಲು. ಈಗ ಮಣ್ಣ ಮಾಡಿ ಬಂದೆ."

ಮರೆಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಾಶಿಮನ ಜುಬ್ಬಾದ ತೋಳಿನ ಮಣ್ಣು ನೋಡಿದ.

"ಮತ್ತ ನೀವ್ಯಾಕ ಬಂದ್ರಿ ಯಪ್ಪಾ, ಇಂಥಾ ಹೊತ್ತಿನ್ಯಾಗ?"

ಹಾಶಿಮ ತೋಳಿನ ಮಣ್ಣು ಕೊಡವಿಕೊಂಡ. "ನೀವಿರೂದ ಎಲ್ಲಿ?"

"ಮುಲುಂಡದಾಗ್ರಿ. ಅಲ್ಲೇ ಸೈಟ್ ಐತಿ."

ಮುಲುಂಡಿನಲ್ಲಿ ಯಾವ ಶಾಲೆ, ಯಾರನ್ನು ಕೇಳಬೇಕು, ಏನು ಹೇಳಿದರೆ ಸೇರಿಸಿಕೊಳ್ಳುತ್ತಾರೆ? ಕೌಸರಳಿಗೆ ಗೊತ್ತಿರುತ್ತಿತ್ತು. ಹಾಶಿಮನಿಗೆ ಗೊತ್ತಿರಲಿಲ್ಲ. ಅವಳ ಹಿಂದೆ ಅಷ್ಟು ಭಾನುವಾರ ನಡೆದೂ ಒಂದು ದಿನ ಕೇಳಿರಲಿಲ್ಲ.

"ಮಗಳೆಲ್ಲಿ?"

"ಒಳಗ ಹೋಗ್ಯಾಳ್ರಿ. ಸರಪಳಿ ಸಡ್ಲ ಐತಿ. ಬ್ಯಾಡಂದ್ರೂ ಕೇಳಲಿಲ್ಲ, ನುಸುಳಿದ್ಲು."

ಹಾಶಿಮ ಗೇಟಿನ ಸರಳುಗಳ ನಡುವಿನಿಂದ ನೋಡಿದ. ಅಂಗಳದ ತುಂಬ ಪೆಂಡಾಲಿನ ಬಿದಿರು, ಕಾಲು ಮುರಿದ ಕುರ್ಚಿಗಳು. ಅವುಗಳಾಚೆ ಕಟ್ಟೆಯ ಮೇಲೆ, ಬೀಗ ಹಾಕಿದ ಕೋಣೆಯ ಬಾಗಿಲಿಗೆ ಮುಖ ಮಾಡಿ, ಎರಡು ಜಡೆಯ ಹುಡುಗಿಯೊಬ್ಬಳು ಚಕ್ಕಳಬಕ್ಕಳ ಹಾಕಿ ಕೈ ಕಟ್ಟಿ ಕೂತಿದ್ದಳು.

"ಕರೀಲೇನ್ರಿ?" ಮರೆಪ್ಪ ಕೇಳಿದ.

"ತಡೀರಿ," ಎಂದ ಹಾಶಿಮ.

ಅವನ ಕಾಲಿನ ಬಳಿ, ಗೇಟಿನ ಈಚೆ, ಹುಡುಗಿಯ ರಬ್ಬರಿನ ಚಪ್ಪಲಿಗಳಿದ್ದವು. ಒಂದರ ಪಟ್ಟಿ ಕಿತ್ತು ಪಿನ್ನು ಹಾಕಿತ್ತು. ಬೇರೆ ಮಕ್ಕಳ ಚಪ್ಪಲಿಗೆ ಜಾಗ ಬಿಟ್ಟ ಹಾಗೆ ಗೋಡೆಯ ಬದಿಗೆ ಒತ್ತಿ, ಎರಡನ್ನೂ ಜೋಡಿಸಿ ಬಿಟ್ಟು ಹೋಗಿದ್ದಳು.